ಹನಮಂತಪ್ಪ ಮಗ್ಗದ ಕುಣಿ ಬಿಟ್ಟು ಪಿಕಪ್ ಕೊಂಡದ್ದು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹನಮಂತಪ್ಪ ಎಷ್ಟು ಎತ್ತರದ ಮನುಷ್ಯ ಎಂದು ಕೇಳಿದರೆ ಬಹಳ ಜನ ತಬ್ಬಿಬ್ಬಾಗುತ್ತಿದ್ದರು. ಅವರೆಲ್ಲ ಅವನನ್ನು ದಿನಾ ನೋಡಿದವರೇ. ಆದರೆ ನೋಡಿದ್ದು ಸೊಂಟದಿಂದ ಮೇಲೆ ಮಾತ್ರ. ಕುಣಿಮಗ್ಗದ ಮುಂದೆ ನೆಲ ಅಗೆದು ಮಾಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನುಷ್ಯ ಯಾರಿಗಾದರೂ ಅರ್ಧವೇ ಕಾಣುತ್ತಾನೆ. ಹನಮಂತಪ್ಪ ಹಾಗೆ ಮೂವತ್ತು ವರ್ಷಕ್ಕೂ ಮೇಲೆ ಕೂತಿದ್ದ. ಬಾಗಿಲಲ್ಲಿ ನಿಂತವರನ್ನು ಕತ್ತೆತ್ತಿ ಮಾತಾಡಿಸಿ ರೂಢಿಯಾಗಿ, ಬಜಾರಿನಲ್ಲಿ ಎದುರಾದವರ ಜೊತೆಗೂ ಕತ್ತೆತ್ತಿಯೇ ಮಾತಾಡುತ್ತಿದ್ದ. ಅರಿಯದವರು ಇವನಿಗೆ ಸೊಕ್ಕು ಅಂದುಕೊಳ್ಳುತ್ತಿದ್ದರು. ಸೊಕ್ಕು ಇರಲಿಲ್ಲ ಅಂತಲ್ಲ, ಅದು ಬೇರೆ ಕಡೆ ಇತ್ತು.

ಅದು ಇದ್ದದ್ದು ಪಟ್ಟೇದ ಅಂಚಿನ ಸೀರೆಯಲ್ಲಿ. ಗಜೇಂದ್ರಗಡದ ಆ ದಪ್ಪ ನೂಲಿನ ಚೌಕಳಿ ಸೀರೆಗೆ ಅಂಚೇ ಮುಖ. ಹನಮಂತಪ್ಪನ ಅಂಚು ಮೊದಲಿನಿಂದ ಸೆರಗಿನವರೆಗೆ ಗೆರೆ ಎಳೆದ ಹಾಗೆ ನೆಟ್ಟಗಿರುತ್ತಿತ್ತು. ನೂಲು ಕೊಟ್ಟು ಸೀರೆ ಒಯ್ಯುವ ವ್ಯಾಪಾರಿ ಪ್ರಭುಲಿಂಗಪ್ಪ ಬೇರೆಯವರ ಸೀರೆಯನ್ನು ಬಿಚ್ಚಿ, ತಿರುವಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಇವನದನ್ನು ಬಿಚ್ಚದೆ ಗಂಟಿಗೆ ಸೇರಿಸುತ್ತಿದ್ದ.

ಆ ಮನೆಯಲ್ಲಿ ಕುಣಿ ಗಂಡಸಿನ ಜಾಗ. ಓಣಿಯ ಎಷ್ಟೋ ಮನೆಗಳಲ್ಲಿ ಹೆಂಗಸರೂ ನೇಯುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಹನಮಂತಪ್ಪನ ತಾಯಿ ಸಿದ್ದವ್ವ ಅದನ್ನು ಒಪ್ಪಿದವಳಲ್ಲ. ಸೊಸೆ ಸಾವಕ್ಕ ಮದುವೆಯಾಗಿ ಬಂದ ವಾರದಲ್ಲೇ ಅವಳ ಮುಂದೆ ರಾಟೆ ತಂದಿಟ್ಟಳು. ಲಾಳಿಗೆ ಹಾಕುವ ಕಂಡಿಕೆ ಸುತ್ತುವುದು ಸೊಸೆಯ ಪಾಲು. ಮಗ್ಗದ ಉದ್ದಕ್ಕೆ ಬಿಗಿದ ನೂಲಿನ ಒಂದು ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುವುದೂ ಅವಳದೇ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಗಟ್ಟಲೆ ಎಳೆ, ಎಳೆ ಜಾರದಿರಲೆಂದು ಬೂದಿ ಮುಟ್ಟಿಕೊಂಡ ಎರಡು ಬೆರಳು, ಬಗ್ಗಿದ ಕತ್ತು. ಸಾವಕ್ಕ ತವರಿನಲ್ಲಿ ಅಣ್ಣತಮ್ಮಂದಿರಿಲ್ಲದೆ ಮಗ್ಗದ ಮುಂದೆಯೇ ಬೆಳೆದವಳು. ಅದನ್ನು ಇಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲು ಹೋಗಲಿಲ್ಲ. ಸಿದ್ದವ್ವ ತೀರಿಕೊಂಡು ಎಷ್ಟೋ ವರ್ಷವಾದರೂ ಮನೆಯ ಪದ್ಧತಿ ಹಾಗೇ ನಡೆದಿತ್ತು. ಅದನ್ನು ಬದಲಿಸಬೇಕೆಂದು ಹನಮಂತಪ್ಪನಿಗಂತೂ ಹೊಳೆದಿರಲಿಲ್ಲ.

ಬದಲಿಸಿದ್ದು ಮಂಡಿ. ಐವತ್ತು ದಾಟಿದ ಮೇಲೆ ಕುಣಿಯ ತಂಪು ಎಲುಬಿಗೆ ಇಳಿಯತೊಡಗಿತು. ಸಂಜೆ ಏಳುವಾಗ ಗೋಡೆಗೆ ಕೈ ಬೇಕಾಯಿತು, ಆಮೇಲೆ ಸಾವಕ್ಕನ ಹೆಗಲು ಬೇಕಾಯಿತು. ದವಾಖಾನೆಯ ಡಾಕ್ಟರು ಸುತ್ತಿಬಳಸಲಿಲ್ಲ. ಇನ್ನೂ ಕುಣಿಯಲ್ಲಿ ಕೂತರೆ ಮುಂದೆ ನಡೆಯುವ ಮಾತು ಮರೆತುಬಿಡಿ ಎಂದರು. ಮಂಡಿಯ ಚಿಂತೆಗಿಂತ ಹನಮಂತಪ್ಪನಿಗೆ ಇನ್ನೊಂದು ಚಿಂತೆ ದೊಡ್ಡದಾಗಿತ್ತು. ಮಗ್ಗ ಬಿಟ್ಟರೆ ತಾನು ಏನು? ಬೇರೆ ಏನಾದರೂ ತನಗೆ ಬರುತ್ತದೆಯೇ? ಹಗಲೆಲ್ಲ ಕಟ್ಟೆಯ ಮೇಲೆ ಕೂತು ಹೋಗುವವರ ಬರುವವರ ಲೆಕ್ಕ ಇಡುವ ಮುದುಕರನ್ನು ಕಂಡರೆ ಅವನು ಬೇರೆ ಸಂದಿ ಹಿಡಿದು ಹೋಗುತ್ತಿದ್ದ.

ದಾರಿ ತೋರಿಸಿದವನು ಅಕ್ಕನ ಮಗ ಕಳಕೇಶ. ರೋಣದ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿ. ಊರಲ್ಲಿ ಬಾಡಿಗೆ ಗಾಡಿಗೆ ಜನ ಕಾಯುತ್ತಾರೆ, ಹಳೆಯದೊಂದು ಪಿಕಪ್ ತೆಗೆದುಕೊ ಎಂದ. ಓಡಿಸುವುದನ್ನೂ ಅವನೇ ಕಲಿಸಿದ. ವಾರವಾಗುವಷ್ಟರಲ್ಲಿ ಅವನಿಗೇ ಆಶ್ಚರ್ಯ.

“ಮಾಮಾ, ನನ್ನ ಕಡೆ ಕಲಿಲಿಕ್ಕೆ ಬಂದ ಹುಡುಗೂರು ತಿಂಗಳಗಟ್ಲೆ ಕ್ಲಚ್ ಎಲ್ಲೈತಿ, ಬ್ರೇಕ್ ಎಲ್ಲೈತಿ ಅಂತ ಕೆಳಗ ನೋಡ್ತಾವು. ನೀವು ಒಮ್ಮೆನೂ ನೋಡ್ಲಿಲ್ಲ.”

“ಮಗ್ಗದಾಗೂ ಕಾಲು ನೋಡಿ ತುಳಿಯಂಗಿಲ್ಲೋ,” ಎಂದ ಹನಮಂತಪ್ಪ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದು ಅವತ್ತು.

ತಂದೆ ಬಿಟ್ಟುಹೋದ ಖುಲ್ಲಾ ಜಾಗದ ತುಂಡೊಂದನ್ನು ಮಾರಿದರು. ಆ ದುಡ್ಡಿನಲ್ಲೇ ಗಾಡಿ, ಅದರಲ್ಲೇ ಕಾಗದಪತ್ರ. ಎರಡನೇ ಸಲ ಮಾರಲು ಜಾಗವಿರಲಿಲ್ಲ. ಗಾಡಿ ಕೈಕೊಟ್ಟರೆ ಮತ್ತೆ ಕುಣಿಯೇ ಗತಿ, ಮತ್ತೆ ಕುಣಿಗೆ ಇಳಿದರೆ ಕಾಲು ಹೋದ ಹಾಗೇ. ಇದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ಮೊದಲು ರೋಣದಲ್ಲಿ ಒಂದು ಗಾಡಿ ನೋಡಿದರು. ಹೊಸ ಬಣ್ಣ, ಹೊಸ ಸೀಟು, ಗಾಜಿನ ಮೇಲೆ ದೇವರ ಹೆಸರು. ಮೀಟರು ಎಪ್ಪತ್ತು ಸಾವಿರ ದಾಟಿರಲಿಲ್ಲ. ಒಬ್ಬರೇ ಮಾಲಕರು, ಮದುವೆ ದಿಬ್ಬಣಕ್ಕಷ್ಟೇ ಹೋಗಿದ್ದು ಎಂದು ಮಾರುವವನು ಹೇಳಿದ. ಹನಮಂತಪ್ಪ ಬಣ್ಣ ನೋಡಲಿಲ್ಲ. ಸೀರೆ ಕೊಳ್ಳುವವನು ಹಿಂಬದಿ ತಿರುವಿ ನೋಡುವ ಹಾಗೆ ಬಾಗಿಲು ತೆಗೆದು ಕೆಳಗೆ ಬಗ್ಗಿದ. ಕಾಲಲ್ಲಿ ತುಳಿಯುವ ಪೆಡಲುಗಳ ರಬ್ಬರು ಸವೆದು ನುಣ್ಣಗಾಗಿತ್ತು. ಮಗ್ಗದ ತುಳಿಹಲಗೆ ಎಷ್ಟು ವರ್ಷಕ್ಕೆ ಎಷ್ಟು ಸವೆಯುತ್ತದೆ ಎನ್ನುವುದು ಅವನ ಅಂಗಾಲಿಗೆ ಗೊತ್ತಿದ್ದ ಸಂಗತಿ. ಎದ್ದು ನಿಂತು ಕೈ ಝಾಡಿಸಿಕೊಂಡ.

“ನಡಿಯೋ ಕಳಕೇಶ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ.”

ಮೀಟರು ತಿರುಗಿಸಿದ್ದು ಖಾತ್ರಿ ಎಂದು ಕಳಕೇಶನೂ ಒಪ್ಪಿದ. ಅಲ್ಲಿಂದ ಮುಂದೆ ಹನಮಂತಪ್ಪನಿಗೆ ತಾನು ಗಾಡಿಯ ಪರೀಕ್ಷೆಯಲ್ಲೂ ಪಳಗಿದವನು ಎನ್ನುವ ಧೈರ್ಯ ಬಂತು. ಕೆಡುಕು ಹೊಕ್ಕಿದ್ದು ಆ ಬಾಗಿಲಿನಿಂದಲೇ.

ಎರಡನೆಯ ಗಾಡಿ ನರಗುಂದದಲ್ಲಿತ್ತು, ಗುಡ್ಡದ ಬುಡದ ಓಣಿಯೊಂದರಲ್ಲಿ. ಈ ಸಲ ಸಾವಕ್ಕನೂ ಜೊತೆಗೆ ಬಂದಿದ್ದಳು. ಮಾರುವವಳು ಕಾಶೀಂಬಿ. ಗಂಡ ಆ ಪಿಕಪ್ ಓಡಿಸಿಯೇ ಮನೆ ನಡೆಸಿದವನು. ಅವನು ತೀರಿಕೊಂಡ ಮೇಲೆ ಗಾಡಿ ಮನೆಯ ಮುಂದೆ ನಿಂತಿತ್ತು. ಬಣ್ಣ ಮಾಸಿತ್ತು, ಮೀಟರು ಮೂರು ಲಕ್ಷ ದಾಟಿತ್ತು. ಕಾಶೀಂಬಿ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಡುವ ಮಾತಿರಲಿ, ಅವರು ಕೇಳುವುದಕ್ಕೆ ಮೊದಲೇ ಗಾಡಿಯ ಸುತ್ತ ನಡೆಯುತ್ತ ಒಂದೊಂದು ಗಾಯವನ್ನೂ ತೋರಿಸಿದಳು.

“ಈ ಬಾಗಿಲಾ ಒಮ್ಮೆ ಎತ್ತು ಹಾಯ್ದು ಒಳಗ ಹೋಗಿತ್ರಿ, ಬಡದು ತಗಸೇವಿ. ಈ ದೀಪಾ ಬ್ಯಾರೆ ಗಾಡಿದು. ಮತ್ತ ಇಲ್ಲೆ ಕೆಳಗ ನೋಡ್ರಿ ಅಣ್ಣಾರ, ಯಾವಗಲ್ಲ ಊರ ಹಾದ್ಯಾಗ ಖಡಿಕಲ್ಲು ಹೇರ್ಕೊಂಡು ಹೊಂಟಾಗ ಚಾಸಿ ಮುರೀತು. ವೆಲ್ಡಿಂಗ್ ಮಾಡ್ಸಿದ್ರು ನಮ್ಮವ್ರು. ಅದಕ್ಕ ರೇಟು ನಾನ ಕಡಿಮಿ ಹೇಳೀನಿ.”

ಕಳಕೇಶ ಗಾಡಿಯ ಕೆಳಗೆ ತೂರಿ ಹೋಗಿ ಬಹಳ ಹೊತ್ತು ನೋಡಿದ. ಹೊರಗೆ ಬಂದವನು ಮಾಮನನ್ನು ಸ್ವಲ್ಪ ದೂರ ಕರೆದೊಯ್ದ.

“ಇಂಜಿನ್ ಚಲೋ ಐತ್ರಿ. ಆದ್ರ ಇದು ಬ್ಯಾಡ. ಚಾಸಿ ಅಂದ್ರ ಗಾಡಿ ಬೆನ್ನೆಲುಬು. ಒಮ್ಮೆ ಮುರದದ್ದನ್ನ ತಗೋಬಾರ್ದು.”

“ವೆಲ್ಡಿಂಗ್ ಹ್ಯಾಂಗೈತಿ?”

“ವೆಲ್ಡಿಂಗ್ ಗಟ್ಟಿನ ಐತಿ.”

“ಮತ್ತೇನು? ಕೆಚ್ಚಿದ ಎಳಿ ಹರಿಯಂಗಿಲ್ಲೋ.”

“ಮಾಮಾ, ಇದು ನೂಲಲ್ರಿ.”

ಹನಮಂತಪ್ಪ ಕೇಳಲಿಲ್ಲ. ನೇಕಾರರಲ್ಲಿ ಆ ಮಾತು ವೇದವಾಕ್ಯ. ಹೊಸೆದು ಕೂಡಿಸಿದ ಜಾಗ ಒಂಟಿ ಎಳೆಗಿಂತ ದಪ್ಪ, ಅದು ಹರಿದದ್ದನ್ನು ಅವನು ಕಂಡೇ ಇರಲಿಲ್ಲ. ಜೊತೆಗೆ ಕಾಶೀಂಬಿಯ ಬಾಯಿಂದ ಒಂದು ಸುಳ್ಳೂ ಬಂದಿರಲಿಲ್ಲ. ಆ ರೋಣದ ಬಣ್ಣದ ಗಾಡಿಯ ಮುಂದೆ ಈ ತೇಪೆಯ ಗಾಡಿ ಅವನ ಕಣ್ಣಿಗೆ ಸತ್ಯವಂತನ ಹಾಗೆ ಕಂಡಿತು. ಸತ್ಯ ಹೇಳಿದವಳು ಮಾಲಕಿ, ಗಾಡಿಯಲ್ಲ ಎನ್ನುವುದನ್ನು ಅವನು ಮರೆತ. ಸಾವಕ್ಕನ ಕಡೆ ತಿರುಗಿ ನೋಡಿದ. ಪಾವು ಕಿಲೋ ಬದನೆಕಾಯಿಗೆ ಸಂತೆಯನ್ನೆಲ್ಲ ಸುತ್ತುವ ಹೆಂಗಸು ಅವಳು. ಅವತ್ತು ಎರಡನೇ ಮಾತು ಆಡಲಿಲ್ಲ.

“ತಗೋರಿ. ಲಗೂ ತಗೊಂಡು ಬಿಡ್ರಿ,” ಎಂದಳು.

ಹೆಂಡತಿಯೂ ತನ್ನ ಹಾಗೇ ಯೋಚಿಸಿದಳು ಎಂದು ಹನಮಂತಪ್ಪನಿಗೆ ಖುಷಿಯಾಯಿತು. ಸಂಚಕಾರ ಕೊಟ್ಟು ಬಂದು, ಕಾಗದದ ಕೆಲಸ ಮುಗಿದ ಮೇಲೆ ಮತ್ತೆ ಇಬ್ಬರೂ ನರಗುಂದಕ್ಕೆ ಬಸ್ಸು ಹಿಡಿದು ಹೋದರು. ಬೀಗದ ಕೈ ಕೊಡುವಾಗ ಕಾಶೀಂಬಿ ಗಾಡಿಯ ಮೂತಿಯನ್ನು ಸೆರಗಿನಿಂದ ಒರೆಸಿದಳು. “ಭಾಳ ಭಾರಾ ಹಾಕಬ್ಯಾಡ್ರಿ ಅಣ್ಣಾರ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಮರಳುವಾಗ ಹನಮಂತಪ್ಪನೇ ಓಡಿಸಿದ. ಎರಡೂ ಕಡೆ ಎರೆ ಹೊಲ, ಕಡಲೆ ಮೊಳಕೆ ಒಡೆದಿತ್ತು. ಕೂತಲ್ಲೇ ಕೂತು ಊರು ಹಿಂದೆ ಸರಿಯುವುದನ್ನು ನೋಡುವುದು ಅವನಿಗೆ ಹೊಸದು. ಮೂವತ್ತು ವರ್ಷ ಕೂತಲ್ಲೇ ಕೂತು ಅವನು ಕಂಡದ್ದು ಒಂದೇ ಗೋಡೆ. ಮೂರು ಲಕ್ಷದ ಮೀಟರನ್ನು ಮತ್ತೆ ಮತ್ತೆ ನೋಡುತ್ತಿದ್ದ. ರೋಣ ಬಂದಾಗ ಗಾಡಿ ನಿಧಾನ ಮಾಡಿದ.

“ನಾ ಇಷ್ಟು ವರ್ಷ ನೇಯ್ದಿದ್ದೆಲ್ಲಾ ನಮ್ಮನಿ ಬಾಗಲದಿಂದ ಹಾಸ್ಕೋಂತ ಬಂದ್ರ, ಇಲ್ಲಿತನಾ ಬರ್ತಿತ್ತು ನೋಡು. ರೋಣದಿಂದ ಮುಂದ ಹೋಗ್ತಿದ್ದಿಲ್ಲ.”

ಸಾವಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಇಲ್ಲಿತನಾ ಬರೂದು ಅಂದ್ರ ಕಡಿಮೇನ್ರಿ?” ಎಂದಳು. ದನಿಯಲ್ಲಿ ಒಂದು ಬಗೆಯ ಆಸೆಯಿತ್ತು. ಅವನು ಅದನ್ನು ತನ್ನ ಮೇಲಿನ ಮೆಚ್ಚುಗೆ ಎಂದು ತಿಳಿದ.

ಮಗ್ಗದ ಮೇಲೆ ಅರ್ಧ ಹಾಸು ಹಾಗೇ ಉಳಿದಿತ್ತು. ಹಾಸು ನಡುವೆ ಬಿಟ್ಟು ಏಳುವುದು ಉಣ್ಣುವ ಎಲೆಯನ್ನು ಅರ್ಧಕ್ಕೇ ಬಿಟ್ಟು ಎದ್ದಂತೆ. ಅದಕ್ಕೇ ಮಗ್ಗದ ಕೋಣೆಯ ಬಾಗಿಲಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟು, ಆ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟ. ಬೆಳಗಿನ ಚಹಾ ಕುಡಿದು ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಇವತ್ತು ಮೇವು, ನಾಳೆ ಹೆಂಚು, ನಾಡಿದ್ದು ಯಾರದೋ ಮನೆ ಸಾಮಾನು. ಬಾಡಿಗೆ ಬಹಳ ಬರದಿದ್ದರೂ ಮನೆಯಲ್ಲಿ ಕೊರತೆ ಕಾಣಲಿಲ್ಲ. ಡಬ್ಬಿಯಲ್ಲಿ ಸಕ್ಕರೆ ಇತ್ತು, ಮಂಡಿಯ ಮಾತ್ರೆ ಮುಗಿಯುವ ಮೊದಲೇ ಹೊಸವು ಬರುತ್ತಿದ್ದವು. ಗಾಡಿಯ ಕಾಲ್ಗುಣ ಚಲೋ ಇದೆ ಎಂದು ಹನಮಂತಪ್ಪ ಕಂಡವರಿಗೆಲ್ಲ ಹೇಳಿದ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೌದ್ರಿ ಹೌದ್ರಿ ಎಂದರು.

ಉಳ್ಳಾಗಡ್ಡಿಯ ಸುಗ್ಗಿಯಲ್ಲಿ ಮೆಣಸಗಿಯಿಂದ ಕರೆ ಬಂತು. ಹೊಳೆದಂಡೆಯ ರೈತ ಹೊಳಿಯಪ್ಪ, ಗದಗಿನ ಮಾರ್ಕೆಟ್ಟಿಗೆ ಮಾಲು ಮುಟ್ಟಿಸಬೇಕಿತ್ತು. ಎರಡು ಖೇಪಿನ ಮಾಲನ್ನು ಒಂದೇ ಖೇಪಿಗೆ ಹೇರೋಣ, ಬಾಡಿಗೆ ಒಂದೂವರೆ ಪಟ್ಟು ಕೊಡುತ್ತೇನೆ ಎಂದ. ಹನಮಂತಪ್ಪನಿಗೆ ಕಾಶೀಂಬಿಯ ಮಾತು ನೆನಪಾಗದೆ ಇರಲಿಲ್ಲ. ಆದರೆ ಆಸೆ ಯಾರನ್ನು ಬಿಟ್ಟಿದೆ? ಚೀಲದ ಮೇಲೆ ಚೀಲ ಬಿತ್ತು. ಎರೆ ನೆಲದ ರಸ್ತೆ ಒಂದು ಮಳೆಗಾಲ ಕಳೆದರೆ ಸಾಕು, ಅಲೆಯಲೆಯಾಗಿ ಏಳುತ್ತದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗಿನಿಂದ ಫಟ್ ಎಂದು ಸದ್ದಾಯಿತು. ಗಾಡಿ ನಡು ಬಿದ್ದ ಎಮ್ಮೆಯ ಹಾಗೆ ಹಿಂದೆ ಕುಸಿದು ನಿಂತಿತು.

ಹೊಳಿಯಪ್ಪ ಸಿಟ್ಟು ಮಾಡಲಿಲ್ಲ. ಟ್ರ್ಯಾಕ್ಟರು ತರಿಸಿ ಚೀಲಗಳನ್ನು ಅದಕ್ಕೆ ಹೇರಿಸಿಕೊಂಡ. ರೋಣದಿಂದ ಕಳಕೇಶ ಬೈಕಿನಲ್ಲಿ ಬಂದು ಗಾಡಿಯ ಕೆಳಗೆ ಹೋದ. ಅವನು ಹೊರಗೆ ಬಂದ ಮೇಲೆ ಹನಮಂತಪ್ಪನೂ ಮಂಡಿ ನೋವನ್ನು ಹಲ್ಲುಕಚ್ಚಿ ತಡೆದು ಬೆನ್ನ ಮೇಲೆ ಮಲಗಿ ಒಳಗೆ ಸರಿದ.

ಬೆಸುಗೆ ಹಾಗೇ ಇತ್ತು. ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಅದರ ಮಗ್ಗುಲಲ್ಲಿ, ಒಂದು ಬೆರಳಿನಾಚೆ, ಗಟ್ಟಿ ಕಬ್ಬಿಣ ಬಾಯಿ ತೆರೆದಿತ್ತು.

ಅಲ್ಲೇ ಮಲಗಿ ಹನಮಂತಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಕೆಚ್ಚಿದ ಎಳೆ ಹರಿಯುವುದಿಲ್ಲ, ನಿಜ. ಹರಿಯುವುದು ಅದರ ಪಕ್ಕದ್ದು. ಹೊಸ ಹಾಸು ಕೂಡಿಸಿದ ಮೇಲೆ ಗಂಟು ಮಗ್ಗದ ಬಾಚಣಿಗೆಯಂಥ ಹಣಿಗೆಯನ್ನು ದಾಟುವಾಗ ನೇಕಾರ ಉಸಿರು ಬಿಗಿಹಿಡಿದು ಮೆಲ್ಲಗೆ ತುಳಿಯುವುದು ಸುಮ್ಮನಲ್ಲ. ಜಗ್ಗಾಟವೆಲ್ಲ ಕೂಡಿಸಿದ ಜಾಗದ ಪಕ್ಕಕ್ಕೇ ಬೀಳುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಕೈ ಕಾಲಿಗೆಲ್ಲ ಗೊತ್ತಿತ್ತು. ತನ್ನ ಕಸುಬಿನ ಮಾತಿನಲ್ಲಿ ಬೇಕಾದ ಅರ್ಧವನ್ನಷ್ಟೇ ನರಗುಂದಕ್ಕೆ ಒಯ್ದಿದ್ದ. ಯಾರೋ ಮೋಸ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಬೈಯಲು ಯಾರೂ ಇರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಗಾಡಿಯ ಕೆಳಗಿದ್ದುದರಿಂದ ಅದು ಯಾರಿಗೂ ಕಾಣಲಿಲ್ಲ.

“ಎರಡೂ ಮಗ್ಗಲಿಗೆ ಉದ್ದನ್ನ ಪಟ್ಟಿ ಇಟ್ಟು ಬೋಲ್ಟ್ ಹೊಡದ್ರ ನಿಂದ್ರತೈತ್ರಿ,” ಎಂದ ಕಳಕೇಶ. “ಆದ್ರ ಖಡಿ, ಉಳ್ಳಾಗಡ್ಡಿ ಮರತುಬಿಡ್ರಿ. ಹಗುರ ಮಾಲು ಅಷ್ಟ.”

“ಹಗುರ ಮಾಲಿಗೆ ಯಾರು ಕರೀತಾರೋ? ಬ್ಯಾಡ. ಗುಜರಿಗೆ ಹಾಕು.”

“ಹಾಕಿ ಏನ್ ಮಾಡ್ತೀರಿ ಮಾಮಾ?”

“ಮತ್ತೇನು, ಮಗ್ಗ ಐತಲ್ಲ.”

ಕಳಕೇಶನಿಗೆ ಡಾಕ್ಟರು ಹೇಳಿದ್ದು ಗೊತ್ತಿತ್ತು. ಆದರೂ ಹಿರಿಯರ ಮುಂದೆ ವಾದ ಬೆಳೆಸಲಿಲ್ಲ. ಇವತ್ತೊಂದು ದಿನ ವಿಚಾರ ಮಾಡ್ರಿ ಎಂದು ಬೈಕಿನ ಹಿಂದೆ ಕೂರಿಸಿಕೊಂಡು ರೋಣದಲ್ಲಿ ಬಸ್ಸು ಹತ್ತಿಸಿದ.

ಹನಮಂತಪ್ಪ ಗಜೇಂದ್ರಗಡದಲ್ಲಿ ಇಳಿದಾಗ ಮಧ್ಯಾಹ್ನ. ಪಿಕಪ್ ಕೊಂಡ ಮೇಲೆ ಆ ಹೊತ್ತಿಗೆ ಅವನು ಓಣಿಯಲ್ಲಿ ಕಾಲಿಟ್ಟದ್ದು ಅದೇ ಮೊದಲು. ಎಲ್ಲ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ತನ್ನ ಬಾಗಿಲು ಹತ್ತಿರವಾದಂತೆ ಒಂದು ಸದ್ದು ಬೇರೆಯೇ ಕೇಳಿಸಿತು, ಬಿರುಸಾಗಿ, ಎಲ್ಲೂ ತಡವರಿಸದೆ. ಯಾರದೋ ಕೈ ಚೆನ್ನಾಗಿ ಕೂತಿದೆ, ಪಕ್ಕದ ಮನೆಯವರಿರಬೇಕು ಎಂದುಕೊಂಡ. ಹೊಸ್ತಿಲು ದಾಟಿದ ಮೇಲೆ ತಿಳಿಯಿತು, ಸದ್ದು ತನ್ನ ಮನೆಯದೇ.

ತಾನೇ ಇಳಿಬಿಟ್ಟಿದ್ದ ಸೀರೆಯನ್ನು ಸರಿಸಿದ. ಕುಣಿಯಲ್ಲಿ ಸಾವಕ್ಕ ಕೂತಿದ್ದಳು. ಸೆರಗು ಸೊಂಟಕ್ಕೆ ಬಿಗಿದಿದ್ದಳು. ಲಾಳಿ ಅವಳ ಕೈಯಿಂದ ಕೈಗೆ ಓಡಾಡುತ್ತಿತ್ತು. ಅವನು ಬಿಟ್ಟುಹೋದ ಹಾಸು ಎಂದೋ ಮುಗಿದಿತ್ತು, ಮಗ್ಗದ ಮೇಲಿದ್ದದ್ದು ಬೇರೆ ಬಣ್ಣದ ಹಾಸು. ಗೋಡೆಗೆ ಒರಗಿಸಿ ಮಡಚಿಟ್ಟ ಸೀರೆಗಳು. ಪ್ರಭುಲಿಂಗಪ್ಪನ ಮನೆಯ ನೂಲಿನ ಗಂಟು. ಹನಮಂತಪ್ಪನ ಕಣ್ಣು ತಾನಾಗಿ ಅಂಚಿನ ಮೇಲೆ ಹೋಯಿತು. ಅಂಚು ನೆಟ್ಟಗಿತ್ತು. ಡಬ್ಬಿಯ ಸಕ್ಕರೆ ಎಲ್ಲಿಂದ ಬಂತು, ಓಣಿಯವರು ಯಾಕೆ ಮುಖ ನೋಡಿಕೊಂಡರು, ಎಲ್ಲ ಒಮ್ಮೆಗೇ ತಿಳಿಯಿತು. ಊರಿಗೆಲ್ಲ ಗೊತ್ತಿದ್ದದ್ದು ಮನೆಯ ಯಜಮಾನನಿಗೆ ಮಾತ್ರ ಗೊತ್ತಿರಲಿಲ್ಲ.

ಅವಳು ತಲೆಯೆತ್ತಿ ನೋಡಿದಳು. ಹೆದರಲಿಲ್ಲ.

“ಯಾಕ್ರಿ, ಈ ಹೊತ್ತಿನಾಗ?”

“ಗಾಡಿ ಮುರೀತು. ಇನ್ನ ಅದು ಬ್ಯಾಡ.” ಗೋಡೆಗೆ ಕೈಕೊಟ್ಟು ನಿಂತ. “ನಾಳಿಯಿಂದ ನಾನ ಕುಂದರ್ತೀನಿ. ನೀ ಏಳು.”

ಸಾವಕ್ಕ ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಏಳಲಿಲ್ಲ.

“ಏಳಂಗಿಲ್ರಿ.”

ಮೂವತ್ತು ವರ್ಷದಲ್ಲಿ ಅವಳು ಅವನಿಗೆ ಇಲ್ಲ ಎಂದದ್ದು ಅವನಿಗೆ ನೆನಪಾಗಲಿಲ್ಲ. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುತ್ತಾಳೇನೋ ಎಂದು ಕಾದ. ಅವಳು ಹಾಸಿನ ಮೇಲೆ ಅಂಗೈ ಆಡಿಸುತ್ತ, ಅವನನ್ನು ನೋಡದೆ ಮಾತಾಡಿದಳು.

“ನಿಮ್ಮ ಕಾಲು ಹೋಗ್ತಾವು, ಅದೊಂದ. ಇನ್ನೊಂದು ಇವತ್ತ ಹೇಳಿಬಿಡ್ತೀನಿ. ನೀವು ಇಲ್ಲಿಂದ ಏಳ್ಲಿ ಅಂತ ನಾ ಭಾಳ ವರ್ಷ ಕಾದೀನ್ರಿ. ನಿಮಗ ಮಂಡಿ ನೋವು ಬರ್ಲಿ ಅಂತ ಯಾವ ದೇವರಿಗೂ ಬೇಡ್ಕೊಂಡಿಲ್ಲ, ಖರೇ. ಆದ್ರ ಡಾಕ್ಟರು ಹೇಳಿದ ದಿನಾ ಅತ್ತೆನಲ್ಲ, ಅದರಾಗ ಅರ್ಧಾನ ದುಃಖಾ ಇತ್ತು.”

ಹನಮಂತಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಹೆಂಗಸು ಮೂವತ್ತು ವರ್ಷ ತನ್ನ ಮಗ್ಗುಲಲ್ಲೇ ಕೂತು, ಅವಳೇ ನೇಯಬಹುದಾಗಿದ್ದ ಬಟ್ಟೆಗೆ ಬರೀ ತುದಿ ಹೊಸೆದುಕೊಟ್ಟಿದ್ದಳು. ನರಗುಂದದಲ್ಲಿ ಲಗೂ ತಗೊಂಡು ಬಿಡ್ರಿ ಎಂದವಳ ಅವಸರ ಗಾಡಿಯದಾಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಎದೆಯ ಮೇಲಿಂದ ಏನೋ ಇಳಿದ ಹಾಗೂ ಆಯಿತು. ಅವಳು ಲಾಳಿ ಎತ್ತಿಕೊಂಡಳು. ಅವನು ಬಾಗಿಲ ಸೀರೆಯನ್ನು ಮೊಳೆಯಿಂದ ಕಿತ್ತು ಕೈಯಲ್ಲಿ ಸುತ್ತಿಕೊಂಡು ಹೊರಗೆ ಬಂದ.

ಕಟ್ಟೆಯ ಮೇಲೆ ಕೂತು ಕಳಕೇಶನಿಗೆ ಫೋನು ಹಚ್ಚಿದ.

“ಗುಜರಿಯವನಿಗೆ ಹೇಳಿದ್ಯೇನು?”

“ಇನ್ನೂ ಇಲ್ರಿ ಮಾಮಾ.”

“ಹೇಳಬ್ಯಾಡ. ಆ ಪಟ್ಟಿ ಹೊಡಸು. ಸೀರಿ, ನೂಲು, ಏನ್ ಹಗುರ ಮಾಲು ಸಿಗ್ತೈತೋ ಅದನ್ನ ಹೇರ್ತೀನಿ.”

“ಮಗ್ಗ ಐತಿ ಅಂದ್ರಲ್ಲ?”

ಹನಮಂತಪ್ಪ ಒಳಗಿನ ಸದ್ದಿಗೆ ಒಂದು ಕ್ಷಣ ಕಿವಿಗೊಟ್ಟ.

“ಇಲ್ಲೋ,” ಎಂದ. “ಮಗ್ಗ ಖಾಲಿ ಇಲ್ಲ.”